ಎತ್ತಿ ಹಿಡಿದ ಕಾಲು

ಜಟಕಾ ಎಳೆಯುವ ಕುದುರೆಯೊಂದು ಕುಂಟತೊಡಗಿತು. ಲಾಯದಲ್ಲಿ ಅದರ ಗೊರಸು ಉಜ್ಜುವ ಅರಕ್ಕೂ ಮೈ ನೀವುವ ಎಣ್ಣೆಯ ಕುಡಿಕೆಗೂ ಜಗಳ ಹತ್ತಿತು.

"ಲಾಳ ಸರಿಯಾಗಿ ಕೂರುವಂತೆ ಗೊರಸನ್ನು ಮಟ್ಟ ಮಾಡಿದ್ದೇನೆ. ತಪ್ಪು ಹೆಗಲಿನದು," ಎಂದಿತು ಅರ.

"ಹೆಗಲಿನ ಗಂಟುಗಳನ್ನೆಲ್ಲ ನಾನು ಸಡಿಲಿಸಿದ್ದೇನೆ. ನೀನು ಬಂದು ಹೋದ ಮರುದಿನವೇ ಅದು ಮತ್ತೆ ಬಿಗಿಯುತ್ತದೆ. ತಪ್ಪು ಗೊರಸಿನದು," ಎಂದಿತು ಕುಡಿಕೆ.

"ಹೆಗಲು ನನ್ನ ಕೆಲಸವಲ್ಲ."

"ಗೊರಸು ನನ್ನದಲ್ಲ."

ಕುದುರೆಗೆ ರೇಗಿಹೋಯಿತು. "ಬಾಯಿ ಮುಚ್ಚಿ! ಹೆಗಲು ನೊಂದರೆ ಕಾಲನ್ನು ಓರೆಯಾಗಿ ಊರುತ್ತೇನೆ. ಓರೆಯಾಗಿ ಊರಿದರೆ ಲಾಳ ಒಂದೇ ಕಡೆ ಸವೆಯುತ್ತದೆ. ಸವೆದ ಲಾಳ ಮತ್ತೆ ಹೆಗಲನ್ನೇ ಜಗ್ಗುತ್ತದೆ. ಅರವೇ, ನೀನು ನೋಡುವುದು ನನ್ನ ಕಾಲನ್ನು ಎತ್ತಿ ಹಿಡಿದಾಗ ಮಾತ್ರ. ಕುಡಿಕೆಯೇ, ನೀನು ನೋಡುವುದು ನನ್ನನ್ನು ಕಟ್ಟಿ ನಿಲ್ಲಿಸಿದಾಗ ಮಾತ್ರ. ನಾನು ನಡೆಯುವುದನ್ನು ನಿಮ್ಮಲ್ಲಿ ಯಾರು ನೋಡಿದ್ದೀರಿ?"

ಅರ ಮೆಲ್ಲಗೆ ಕೇಳಿತು: "ನಡಿಗೆಯೂ ನಮ್ಮ ಕೆಲಸಕ್ಕೆ ಸೇರಿದ್ದೇ?"

"ಮತ್ತೆ ನನ್ನನ್ನು ಸಾಕಿರುವುದು ನಿಲ್ಲಿಸಿ ನೋಡುವುದಕ್ಕೋ?" ಎನ್ನುತ್ತ ಕುದುರೆ ಕುಂಟಿಕೊಂಡೇ ಗಾಡಿಯ ಕಡೆ ಹೊರಟಿತು.

ಅದು ನಡೆಯುವುದನ್ನು ಅರವೂ ಕುಡಿಕೆಯೂ ಕಂಡದ್ದು ಅದೇ ಮೊದಲು.