ಒಂಟಿ ಸೀನು

ಕಾಡಿನ ಪ್ರಾಣಿಗಳು ಮದ್ದಿನ ಬೇರುಗಳನ್ನು ಒಂದು ಗುಹೆಯಲ್ಲಿ ಕೂಡಿಟ್ಟಿದ್ದವು. ಅವನ್ನು ಹಂಚುವ ನಿಯಮ ಬದಲಿಸಲು ಸಭೆ ಸೇರಿತು.

"ಕಾಯಿಲೆ ಬಿದ್ದವರಿಗೆಲ್ಲ ಸಿಗಲಿ," ಎಂದಿತು ಆನೆ.

"ಬೇರು ತಂದಿಟ್ಟವರಿಗೆ ಮಾತ್ರ ಸಿಗಲಿ," ಎಂದಿತು ನರಿ.

ವಾದ ಬೆಳೆದು, ಕೊನೆಗೆ ಕೈಯೆತ್ತಿಸುವ ಹೊತ್ತಿಗೆ, ಜ್ವರದಿಂದ ನಡುಗುತ್ತಿದ್ದ ಮೊಲ ಒಮ್ಮೆ ಸೀನಿತು.

"ಒಂಟಿ ಸೀನು! ಅಪಶಕುನ!" ಎಂದು ಎಲ್ಲರೂ ಕೂತುಬಿಟ್ಟರು. ಸ್ವಲ್ಪ ಹೊತ್ತು ಬಿಟ್ಟು ವಾದ ಮೊದಲಿನಿಂದ ಶುರುವಾಯಿತು. ಕೈಯೆತ್ತುವಾಗ ಮೊಲ ಮತ್ತೆ ಸೀನಿತು.

"ಸ್ವಾಮಿ, ನನಗೊಂದು ಬೇರು ಕೊಟ್ಟರೆ ಸೀನು ನಿಲ್ಲುತ್ತದೆ," ಎಂದಿತು ಮೊಲ.

ಆನೆ ನರಿಯ ಮುಖ ನೋಡಿತು, ನರಿ ಆನೆಯ ಮುಖ ನೋಡಿತು. ಅಂದು ಮೊದಲ ಸಲ ಇಬ್ಬರೂ ಒಂದೇ ಮಾತಾಡಿದರು:

"ಮೊದಲು ಇವನನ್ನು ಆಚೆ ಕಳಿಸಿ. ರೋಗಿಗಳ ವಿಷಯ, ನೆಮ್ಮದಿಯಾಗಿ ಮಾತಾಡಬೇಕು."