ಬಸವನಹುಳು ಮತ್ತು ಕೋಲೆಬಸವ

ಸೊಪ್ಪಿನ ಮಡಿಯಲ್ಲಿ ಒಂದು ಬಸವನಹುಳುವಿತ್ತು. ತಲೆಯ ಮೇಲಿನ ಕೋಡುಗಳನ್ನು ನೋಡಿಯೇ ಜನ ತನಗೆ ಬಸವನ ಹೆಸರಿಟ್ಟರೆಂದು ಅದಕ್ಕೆ ಬಲು ಹೆಮ್ಮೆ. ಒಂದು ಬೆಳಗ್ಗೆ ತೋಟದ ನೀಲವ್ವ, ನೀರು ತರಲು ತಡಮಾಡಿದ ಗಂಡನಿಗೆ, "ಒಳ್ಳೇ ಬಸವನಹುಳು ಆದ್ರಲ್ಲ ನೀವು" ಎಂದು ಬೈದಳು. ತನ್ನ ಹೆಸರು ಬೈಗುಳವಾದದ್ದನ್ನು ಕೇಳಿ ಹುಳು ಕುಗ್ಗಿಹೋಯಿತು.

ಬೇಲಿಯ ಪಕ್ಕ ಕೋಲೆಬಸವ ನಿಂತಿತ್ತು. ಒಡೆಯ ಏನು ಕೇಳಿದರೂ ಹೌದೆಂದು ತಲೆಯಾಡಿಸುತ್ತ ಮನೆಮನೆ ತಿರುಗುವ ಎತ್ತು ಅದು.

"ಅಣ್ಣಾ, ನನ್ನಿಂದ ನಿನ್ನ ಹೆಸರೂ ಕೆಟ್ಟಿತು" ಎಂದಿತು ಹುಳು.

"ಅದು ಮೊದಲೇ ಕೆಟ್ಟಿದೆ. ಸ್ವಂತ ಮಾತಿಲ್ಲದವರನ್ನೆಲ್ಲ ಜನ ಕೋಲೆಬಸವ ಅನ್ನುತ್ತಾರೆ."

"ನಾನಂತೂ ಈ ಚಿಪ್ಪನ್ನು ಕಳಚಿಡುತ್ತೇನೆ. ಭಾರ ಇಳಿದರೆ ಬೇಗ ನಡೆದೇನು, ಬೈಗುಳ ತಪ್ಪೀತು. ಆಗಬಹುದಲ್ಲವೆ?"

ಪ್ರಶ್ನೆ ಕಿವಿಗೆ ಬಿದ್ದೊಡನೆ ಎತ್ತಿನ ಕತ್ತು ರೂಢಿಯಂತೆ ಬಾಗತೊಡಗಿತು. ಹುಳು ಆಗಲೇ ಚಿಪ್ಪಿನಿಂದ ಮೈ ಎಳೆದುಕೊಳ್ಳುತ್ತಿತ್ತು. ನೋವಿಗೆ ಅದರ ಕೋಡುಗಳು ಮುದುಡಿದವು. ಅದನ್ನು ಕಂಡು ಎತ್ತಿನ ತಲೆ ಅರ್ಧಕ್ಕೇ ನಿಂತಿತು. ಆಮೇಲೆ ಅದು ಕಷ್ಟಪಟ್ಟು ಆಚೆಗೊಮ್ಮೆ ಈಚೆಗೊಮ್ಮೆ ತಲೆ ಹೊರಳಿಸಿತು.

ಹುಳು ಬೆರಗಾಯಿತು. ಮೈಯನ್ನು ಮತ್ತೆ ಚಿಪ್ಪಿನೊಳಗೆ ಸೇರಿಸಿಕೊಂಡು, "ನೀನು ಬೇಡವೆಂದದ್ದನ್ನು ಯಾರೂ ಕಂಡಿಲ್ಲವಲ್ಲ, ಅಣ್ಣಾ" ಎಂದಿತು.

"ಕತ್ತಿಗೆ ಅಭ್ಯಾಸವಿಲ್ಲ, ನೋಯುತ್ತದೆ" ಎಂದಿತು ಎತ್ತು. "ಆದರೆ ಹೌದೆಂದಿದ್ದರೆ ನೀನು ಸಾಯುತ್ತಿದ್ದೆ."