ಸಿಟ್ಟವ್ವನ ಗುಡ್ಡ

ಸಜ್ಜೇಕುಂಟೆಗೆ ಹೋಗುವ ಬಸ್ಸು ಕೊನೆಯ ತಿರುವು ದಾಟಿದೊಡನೆ ಬಲಗಡೆಗೆ ಒಂದು ಬೋಳು ಗುಡ್ಡ ಕಾಣುತ್ತದೆ. ನೆತ್ತಿಯ ಅಂಚಿನಲ್ಲಿ, ಹಲ್ಲು ಕಿತ್ತ ಒಸಡಿನಂತೆ, ಒಂದು ದೊಡ್ಡ ತಗ್ಗು. ಅಲ್ಲಿಂದ ಬುಡದವರೆಗೂ ಬಂಡೆಯ ಮೈಯೆಲ್ಲ ತರಚಿದ ಗುರುತು. ಆ ಗುರುತು ಮುಗಿಯುವಲ್ಲಿ, ಊರಿನ ನಟ್ಟನಡುವೆ, ಎರಡು ಮನೆಯೆತ್ತರದ ಗುಂಡುಕಲ್ಲೊಂದು ಕೂತಿದೆ. ಊರಿನವರು ಅದರ ಸುತ್ತ ಮನೆ ಕಟ್ಟಿಕೊಂಡಿದ್ದಾರೆ, ಅದರ ಮೈಗೆ ಬೆರಣಿ ತಟ್ಟುತ್ತಾರೆ, ಚುನಾವಣೆ ಬಂದಾಗ ಸುಣ್ಣ ಬಳಿದು ಹೆಸರು ಬರೆಯುತ್ತಾರೆ. ಇದು ಸಿಟ್ಟವ್ವನ ಗುಡ್ಡ. ಹೊರಗಿನಿಂದ ಬಂದವರು ಯಾವುದೋ ಉಗ್ರದೇವತೆಯಿರಬೇಕೆಂದು ಕೈಮುಗಿದು, ಗುಡಿ ಎಲ್ಲಿ ಎಂದು ಕೇಳುತ್ತಾರೆ. ಗುಡಿಯೂ ಇಲ್ಲ, ಗಿಡಿಯೂ ಇಲ್ಲ. ಸಿಟ್ಟವ್ವ ಎಂಬವಳು ಕಲ್ಲು ಒಡೆಯುತ್ತಿದ್ದ ಹೆಂಗಸು. ಅವಳಿಗೆ ಸಿಟ್ಟು ಬಂದದ್ದು ಯಾರ ಮೇಲೆ ಎಂಬುದನ್ನು ಈ ಊರಿನವರು ಸುಲಭಕ್ಕೆ ಬಾಯಿಬಿಡುವುದಿಲ್ಲ. ಹೇಳಿದರೆ ಮರ್ಯಾದೆ ಹೋಗುತ್ತದಂತೆ. ಹೋಗಲಿ ಬಿಡಿ, ಹೋಗಬೇಕಾದ ಮರ್ಯಾದೆಯೇ ಅದು.

ಹಿಂದೆ ಒಮ್ಮೆ, ಗುಡ್ಡಕ್ಕೊಬ್ಬ ನಾಯಕನಿದ್ದ ಕಾಲದಲ್ಲಿ, ಸೂರಪ್ಪ ನಾಯಕನೆಂಬವನು ಈ ನೆತ್ತಿಯ ಮೇಲೆ ಕೋಟೆ ಕಟ್ಟಿಕೊಂಡು ಆಳುತ್ತಿದ್ದ ಎನ್ನುತ್ತಾರೆ. ಅವನ ಕಲ್ಲುಕೆಲಸಕ್ಕೆಲ್ಲ ಈ ಸಿಟ್ಟವ್ವನೇ ಯಜಮಾನಿ, ಆಗ ಅವಳ ಹೆಸರು ಕೆಂಚವ್ವ. ಗಂಡ ತೀರಿಕೊಂಡ ಮೇಲೆ ಅವನ ಉಳಿ, ಸುತ್ತಿಗೆ ಕೈಗೆತ್ತಿಕೊಂಡು ಆಳುಗಳನ್ನು ದುಡಿಸುತ್ತಿದ್ದವಳು ಅವಳು. ಒಂದು ದಿನ ನಾಯಕ ಅವಳನ್ನು ಕರೆಸಿ, ನೆತ್ತಿಯ ಹೆಬ್ಬಂಡೆಯನ್ನು ಮೀಟಿ ಅಂಚಿಗೆ ತಂದು ನಿಲ್ಲಿಸಬೇಕೆಂದ. ವೈರಿ ಬಂದರೆ ಕೆಳಗಿನ ದಾರಿಯಲ್ಲೇ ಬರಬೇಕು, ಬಂದ ದಿನ ಗುಂಡಿಗೆ ಒತ್ತು ಕೊಟ್ಟ ಆನಿಕೆ ತೆಗೆದು ಉರುಳಿಸಿದರಾಯಿತು ಎಂಬುದು ಅವನ ಲೆಕ್ಕಾಚಾರ. ಕೆಂಚವ್ವ ಹುರುಪಿನಿಂದ ಮಾಡಿದಳು. ಅಷ್ಟು ದೊಡ್ಡ ಗುಂಡು ಆಳೆತ್ತರದ ಒಂದೇ ಒಂದು ಆನಿಕೆ ಕಲ್ಲಿಗೆ ಒರಗಿ ನಿಂತಾಗ, ಅದರ ಮೇಲೆ ಅಂಗೈ ಇಟ್ಟು ಹಿಗ್ಗಿದಳು. ಕೆಳಗೆ ಬಗ್ಗಿ ನೋಡಲಿಲ್ಲ. ನೇರ ಕೆಳಗೆ ಅವಳ ಊರಿತ್ತು, ಊರೊಳಗೆ ಅವಳ ಮನೆಯಿತ್ತು. ಕಣ್ಣಿಗೆ ಅದೇನು ಮಂಕು ಕವಿದಿತ್ತೋ ಕಾಣೆ!

ವೈರಿ ಬರಲೇ ಇಲ್ಲ. ಆದರೆ ಗುಂಡು ನಿಂತಲ್ಲೇ ನಿಂತು ಕೆಲಸ ಶುರುಮಾಡಿತು. ಮೊದಲ ಸುಗ್ಗಿಗೆ ನಾಯಕನ ಆಳು ಚಾವಡಿಗೆ ಬಂದು, ಅರ್ಧ ರಾಗಿ ಕೋಟೆಗೆ ಹೋಗಬೇಕೆಂದ. ಕತ್ತಿ ಹಿರಿಯಲಿಲ್ಲ, ಗದರಲಿಲ್ಲ. ಸುಮ್ಮನೆ ಗದ್ದ ಎತ್ತಿ ಗುಡ್ಡದ ಕಡೆ ತೋರಿಸಿದ, ಅಷ್ಟೆ. ಊರು ರಾಗಿ ಅಳೆದು ಕೊಟ್ಟಿತು. ಮರುವರ್ಷ ಕೆರೆಯ ನೀರು ನಾಯಕನ ತೋಟಕ್ಕೆ ಹರಿಯಿತು. ಆಮೇಲೆ ಅರಮನೆಯ ಊಳಿಗಕ್ಕೆಂದು ಹೆಣ್ಣುಮಕ್ಕಳನ್ನು ಕೇಳಿದರು, ಅವರೂ ಹೋದರು, ಹೋದವರು ತಿರುಗಿ ಬರಲಿಲ್ಲ. ಪ್ರತಿ ಸಲವೂ ಅದೇ ಗದ್ದ ಎತ್ತುವುದು, ಅದೇ ತಲೆ ತಗ್ಗಿಸುವುದು. ಇಷ್ಟು ಸಲೀಸಾಗಿ ನಡೆಯುವಾಗ ದಂಡಿಗೆ ಯಾಕೆ ಅನ್ನ ಹಾಕಬೇಕೆಂದು ನಾಯಕ ತನ್ನ ದಂಡನ್ನೂ ಮನೆಗೆ ಕಳಿಸಿಬಿಟ್ಟನಂತೆ. ಬಿದ್ದ ಗುಂಡು ಒಂದು ದಿನ ಕೊಲ್ಲುತ್ತದೆ, ಬೀಳಬಹುದಾದ ಗುಂಡು ದಿನಾ ಕೊಲ್ಲುತ್ತದೆ ಎಂಬುದು ಕೆಂಚವ್ವನಿಗೆ ಆಗ ತಿಳಿಯಿತು. ವರ್ಷವರ್ಷವೂ ಆನಿಕೆ ಭದ್ರವಾಗಿದೆಯೇ ಎಂದು ನೋಡಿ ಬರುವ ಕೆಲಸವೂ ಅವಳದೇ. ಹೋಗುತ್ತಿದ್ದಳು, ನೋಡುತ್ತಿದ್ದಳು, ಹಲ್ಲು ಕಚ್ಚಿಕೊಂಡು ಇಳಿದು ಬರುತ್ತಿದ್ದಳು.

ಕೊನೆಗೆ ನಾಯಕನ ಆಳು ಕೆಂಚವ್ವನ ಮಗಳು ಈರಿಯನ್ನೇ ಕೇಳಿದ. ಚಾವಡಿಯಲ್ಲಿ ಊರು ಸೇರಿತು. ಅವಳ ಪರವಾಗಿ ಒಬ್ಬರಾದರೂ ಬಾಯಿ ತೆರೆದಾರೆಂದು ಕೆಂಚವ್ವ ಕಾದಳು. ಊರಗೌಡ ಹಾಲೇಗೌಡ ಮೀಸೆ ನೀವಿಕೊಂಡು, "ಒಂದು ಹುಡುಗಿಗೋಸ್ಕರ ಊರಿಗೆ ಊರೇ ಹಾಳಾಗಬೇಕೇನವ್ವಾ? ಕೊಟ್ಟುಬಿಡು" ಎಂದ. ಸುತ್ತ ಕೂತವರ ತಲೆಗಳು ಹೌದೆಂದು ಅಲ್ಲಾಡಿದವು. ಹಿಂದಿನಿಂದ ಯಾವನೋ, "ಗುಂಡು ಇಟ್ಟವಳು ಅವಳೇ ತಾನೆ" ಎಂದು ಗೊಣಗಿದ. ನಾಯಕನ ಮೇಲೆ ಅವಳಿಗೆ ಬಹುದಿನಗಳಿಂದ ಸಿಟ್ಟಿತ್ತು. ಆದರೆ ಆ ಹೊತ್ತು, ಕೂಡಿ ಉಂಡವರು ಹಾಗೆ ತಲೆಯಾಡಿಸುವುದನ್ನು ಕಂಡಾಗ ಎದ್ದ ಬೆಂಕಿಯ ಮುಂದೆ ಅದು ಏನೂ ಅಲ್ಲ. "ಹೊರಬೀಡು ಕಳೀಲಿ. ಆಮೇಲೆ ನೋಡೋಣ" ಎಂದಷ್ಟೇ ಹೇಳಿ ಎದ್ದು ಬಂದಳು.

ಹೊರಬೀಡೆಂದರೆ ಈ ಸೀಮೆಯವರಿಗೆ ಗೊತ್ತು. ಮಳೆಗಾಲಕ್ಕೆ ಮುಂಚೆ ಒಂದು ದಿನ, ರೋಗರುಜಿನ ತೊಲಗಲೆಂದು ಇಡೀ ಊರು ಒಲೆ ಆರಿಸಿ, ದನಕರು, ಕೋಳಿ, ನಾಯಿಗಳ ಸಮೇತ ಹೊಲಕ್ಕೆ ಹೋಗಿ, ಅಲ್ಲೇ ಅಡುಗೆ ಮಾಡಿ ಉಣ್ಣುತ್ತದೆ. ಊರಬಾಗಿಲಿಗೆ ಮುಳ್ಳು ಹಾಕಿರುತ್ತಾರೆ. ಹೊತ್ತು ಮುಳುಗಿದ ಮೇಲೆಯೇ ಮುಳ್ಳು ಸರಿಸಿ ಒಳಗೆ ಕಾಲಿಡಬೇಕು. ಮಗಳನ್ನು ಕಟ್ಟಿಕೊಂಡು ಕೆಂಚವ್ವ ಓಡಿಹೋಗಬಹುದಿತ್ತು. ಹೋದರೆ ಮುಂದಿನ ಸಲ ಇನ್ನೊಬ್ಬಳ ಮಗಳು ಕೋಟೆ ಹತ್ತಬೇಕು, ಗುಂಡು ಅಲ್ಲೇ ಇರುತ್ತದೆ. ಊರಿಗೆ ಹೇಳಿ ಮಾಡೋಣವೆಂದರೆ, ಅವಳ ಮಾತು ಮುಗಿಯುವ ಮೊದಲೇ ಹಾಲೇಗೌಡ ಕೋಟೆಯ ಮೆಟ್ಟಿಲು ಹತ್ತಿರುತ್ತಿದ್ದ. ಯಾರಿಗೂ ಹೇಳಲಿಲ್ಲ. ಆನಿಕೆ ಸಡಿಲವಾಗಿದೆ, ಬಿಗಿ ಮಾಡಬೇಕೆಂದು ಕಾವಲಿನವರಿಗೆ ನೆಪ ಹೇಳಿ ಹತ್ತಿ, ಆನಿಕೆ ಕಲ್ಲಿಗೆ ಸಾಲಾಗಿ ಗುಳಿ ಹೊಡೆದು, ಒಣಮರದ ಬೆಣೆ ಬಡಿದಳು. ಹೊರಬೀಡಿನ ದಿನ ಬೆಳಗ್ಗೆ, ಊರು ಬರಿದಾದದ್ದನ್ನು ಕಣ್ಣಾರೆ ಕಂಡ ಮೇಲೆ, ಬೆಣೆಗಳಿಗೆ ನೀರು ಹೊಯ್ದಳು. ನೀರು ಕುಡಿದ ಮರ ಉಬ್ಬುತ್ತದೆ, ಉಬ್ಬಿದ ಮರ ಕಲ್ಲನ್ನು ಸೀಳುತ್ತದೆ. ಪಾಪ, ಕಾವಲಿನವನೇ ಕೊಡ ಹೊತ್ತು ತಂದು ಕೊಟ್ಟನಂತೆ!

ಮಧ್ಯಾಹ್ನದೊಳಗೆ ಗುಂಡು ಬೀಳುತ್ತದೆ ಎಂದು ಅವಳ ಅಂದಾಜು. ಹೊಲದಲ್ಲಿ ಊರು ಉಂಡಿತು, ಮಲಗಿ ಎದ್ದಿತು. ಗುಂಡು ಮಿಸುಕಲಿಲ್ಲ. ಹೊಲಕ್ಕೆ ಇಳಿದು ಬಂದಿದ್ದ ಕೆಂಚವ್ವ ಗುಡ್ಡದಿಂದ ಕಣ್ಣು ಕೀಳಲಿಲ್ಲ. ಹೊತ್ತು ಮುಳುಗಿತು. ಜನ ಗಂಟುಮೂಟೆ ಕಟ್ಟಿ, ಮಕ್ಕಳನ್ನು ಕಂಕುಳಲ್ಲಿ ಎತ್ತಿಕೊಂಡು ಊರ ಕಡೆ ಹೊರಟರು. ಇನ್ನು ಅರೆಗಳಿಗೆ ಹೋದರೆ ಎಲ್ಲರೂ ಗುಂಡಿನ ಕೆಳಗೆ! ಕೆಂಚವ್ವ ಸೆರಗು ಸೊಂಟಕ್ಕೆ ಬಿಗಿದು ಓಡಿದಳು. ಊರಬಾಗಿಲ ಮುಳ್ಳಿಗೆ ಬೆನ್ನು ಕೊಟ್ಟು ಅಡ್ಡ ನಿಂತು, ಗಂಟಲು ಹರಿಯುವಂತೆ ಕೂಗಿದಳು:

"ನನ್ನ ಮಗಳನ್ನ ಕೊಟ್ಟುಬಿಡು ಅಂದೋರು ಯಾರು? ಮುಂದೆ ಬನ್ನಿ!"

ಜನ ಬೆಪ್ಪಾಗಿ ನಿಂತರು. ಅವಳು ಬಿಡಲಿಲ್ಲ. ಒಬ್ಬೊಬ್ಬರನ್ನೂ ಹೆಸರು ಹಿಡಿದು ಜಾಲಾಡಿದಳು. "ಏ ಸಿದ್ದಿ, ನಿನ್ನ ಬಾಣಂತನ ಮಾಡಿದ ಕೈ ಯಾವುದೇ? ನನ್ನ ಸರದಿ ಬಂದಾಗ ನಿನ್ನ ನಾಲಿಗೆ ಸೇದಿಹೋಗಿತ್ತೇನೇ? ಹಾಲೇಗೌಡ, ಆ ಮೀಸೆ ಯಾವ ಸಂತೇಲಿ ತಗೊಂಡೆಯೋ? ಹೋಗಿ ವಾಪಸು ಕೊಟ್ಟು ಬಾ, ನಿನಗೆ ಒಪ್ಪಲ್ಲ! ಆ ಗುಂಡು ಇಟ್ಟದ್ದು ಈ ಕೈ. ಇದಕ್ಕೂ ಬೆಂಕಿ ಬೀಳಲಿ!" ಗುಂಡು ಬೀಳುತ್ತದೆಂದರೆ ಗೌಡ ಕೋಟೆಗೆ ಓಡುತ್ತಿದ್ದ, ಅದಕ್ಕೇ ಜನರನ್ನು ತಡೆಯಲೆಂದು ತೆಗೆದ ಜಗಳ ಅದು. ಬೈಯುತ್ತ ಬೈಯುತ್ತ ಅವಳಿಗೆ ಗುಂಡೂ ಮರೆತುಹೋಯಿತು, ಬೆಣೆಯೂ ಮರೆತುಹೋಯಿತು. ಇಷ್ಟು ವರ್ಷ ನುಂಗಿಕೊಂಡದ್ದೆಲ್ಲ ಹೊರಗೆ ಬಂತು. "ಹುಚ್ಚು ಹಿಡಿದಿದೆ ಇವಳಿಗೆ, ಎಳೆದು ಹಾಕ್ರೋ!" ಎಂದು ಗೌಡ ಅರಚಿದ. ಇಬ್ಬರು ರಟ್ಟೆ ಹಿಡಿದರೆ ಅವರನ್ನು ಒದ್ದು, ಮುಳ್ಳಿನ ಮೇಲೆಯೇ ಬಿದ್ದುಕೊಂಡಳು. ಆಗ ಗುಡ್ಡದ ಮೇಲೆ ಕಟಾರನೆ ಸದ್ದಾಯಿತು.

ಧೂಳು ಅಡಗಿದ ಮೇಲೆ ನೋಡಿದರೆ ಕೆಂಚವ್ವನ ಮನೆಯಿಲ್ಲ, ಗೌಡನ ಮನೆಯಿಲ್ಲ, ನಡುವಿನ ಕೇರಿಯೇ ಇಲ್ಲ. ಒಂದು ಕೋಳಿಮರಿಯೂ ಸತ್ತಿರಲಿಲ್ಲ. ಬದುಕಿದೆವಲ್ಲ ಎಂದು ಒಬ್ಬರಾದರೂ ಅಂದರೇ? ಊಹೂಂ. "ಮನೆಹಾಳಿ!" ಎಂದು ಗೌಡ ಎದೆ ಬಡಿದುಕೊಂಡ. ಮೈಗೆಲ್ಲ ಮುಳ್ಳು ನೆಟ್ಟಿದ್ದ ಕೆಂಚವ್ವ ಎದ್ದು ಕೂತಳು. "ನಿಮ್ಮ ಮನೆ ಹಾಳಾಗಿ ಎಷ್ಟೋ ವರ್ಷ ಆಯ್ತು. ಇವತ್ತು ಗೋಡೆ ಬಿತ್ತು, ಅಷ್ಟೆ" ಎಂದಳು.

ಮೂರನೆಯ ದಿನ ನಾಯಕನ ಆಳು ಬಂದ. ರೂಢಿಬಲದಿಂದ ಗದ್ದ ಎತ್ತಿದ. ಜನ ಅತ್ತ ನೋಡಿದರು. ಅಲ್ಲಿ ಬರೀ ಆಕಾಶ. ಯಾರೋ ಕಿಸಕ್ಕನೆ ನಕ್ಕರು, ಆಮೇಲೆ ಊರೇ ನಕ್ಕಿತು. ದಂಡಿಲ್ಲದ ನಾಯಕ ಆ ಮಳೆಗಾಲ ಕಳೆಯುವುದರೊಳಗೆ ಕೋಟೆ ಬಿಟ್ಟು ಹೋದ. ಊಳಿಗಕ್ಕೆ ಹೋಗಿದ್ದ ಹೆಣ್ಣುಮಕ್ಕಳಲ್ಲಿ ಉಳಿದವರು ಇಳಿದು ಬಂದರು. ಕೆಂಚವ್ವನಿಗೆ ಮಾತ್ರ ಊರೊಳಗೆ ಜಾಗ ಸಿಗಲಿಲ್ಲ. ಅವಳ ಮನೆಯಿದ್ದಲ್ಲಿ ಗುಂಡು ಕೂತಿತ್ತು, ಬೇರೆ ಜಾಗ ಕೊಡಲು ಯಾರಿಗೂ ಮನಸ್ಸಿರಲಿಲ್ಲ. ಈರಿಯನ್ನು ಕರೆದುಕೊಂಡು ಊರಬಾಗಿಲ ಆಚೆ ಗುಡಿಸಲು ಹಾಕಿ, ಅಲ್ಲೇ ಬದುಕಿ, ಅಲ್ಲೇ ಸತ್ತಳು. ಬದುಕಿದ್ದಾಗ ಒಲೆಗೆ ಒಂದು ಕೆಂಡ ಕೊಡದ ಜನ, ಸತ್ತ ಮೇಲೆ ಸಿಟ್ಟವ್ವ ಎಂದು ಹೆಸರಿಟ್ಟು ಕೈಮುಗಿದರು. ಥೂ, ಎಂಥ ಭಕ್ತಿ!

ಹೊರಬೀಡು ಈಗಲೂ ನಡೆಯುತ್ತದೆ. ಪೇಟೆಯಿಂದ ಬಂದವರು ಮೊಬೈಲು ಎತ್ತಿ ಹಿಡಿದು ನಿಂತಿರುತ್ತಾರೆ. ಹೊತ್ತು ಮುಳುಗಿದಾಗ ಊರಿನ ಎಲ್ಲರಿಗಿಂತ ಹಿರಿಯ ಹೆಂಗಸು ಮುಳ್ಳಿಗೆ ಬೆನ್ನು ಕೊಟ್ಟು ಅಡ್ಡ ನಿಂತು, ಬಾಯಿಗೆ ಬಂದಂತೆ ಊರನ್ನು ಬೈಯುತ್ತಾಳೆ. ಕುಡುಕನಿಗೆ ಬೈಗುಳವಿದೆ, ಕೆರೆ ಒತ್ತುವರಿ ಮಾಡಿದವನಿಗಿದೆ, ಸೊಸೆಯನ್ನು ಹೊಡೆದವಳಿಗಿದೆ. ಯಾರೂ ಎದುರಾಡುವಂತಿಲ್ಲ. ಗೌಡರ ವಂಶದವರು ಮುಂದಿನ ಸಾಲಿನಲ್ಲೇ ನಿಲ್ಲಬೇಕು. ಬಂದವರಿಗೆ ಅದು ತಮಾಷೆ, ನಗುತ್ತಾರೆ. ಬೈದು ಮುಗಿದ ಮೇಲೆ ಮುದುಕಿ ಕೊನೆಯದಾಗಿ ಕೇಳುತ್ತಾಳೆ: "ನನ್ನ ಮಗಳನ್ನ ಕೊಟ್ಟುಬಿಡು ಅಂದೋರು ಯಾರು? ಮುಂದೆ ಬನ್ನಿ!" ಒಬ್ಬರಾದರೂ ಮುಂದೆ ಬಂದು ತಪ್ಪೊಪ್ಪಿಕೊಂಡರೆ ಅಂದಿನಿಂದ ಈ ಬೈಗುಳವೇ ನಿಲ್ಲುತ್ತದೆಂಬುದು ಊರಿನ ನಂಬಿಕೆ. ಎಲ್ಲರೂ ನೆಲ ನೋಡುತ್ತ ನಿಲ್ಲುತ್ತಾರೆ. ಮುದುಕಿ ಕಾಯುತ್ತಾಳೆ, ಆಮೇಲೆ ತಾನೇ ಬಗ್ಗಿ ಬರಿಗೈಯಲ್ಲಿ ಮುಳ್ಳು ಸರಿಸುತ್ತಾಳೆ.